ಏರಿ ಇಳಿಯುವ ಹನ್ನೊಂದು ಮಣಿಗಳು

ಮೊದಲು ಫೋನು ಕೆಳಗಿಡಿ. ಕ್ಯಾಲ್ಕುಲೇಟರ್ ಬೇಡವೇ ಬೇಡ, ಅದು ಒಂದೇ ಏಟಿಗೆ ಉತ್ತರ ಉಗುಳಿ ಮಜಾ ಎಲ್ಲ ಕೆಡಿಸಿಬಿಡುತ್ತದೆ. ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಹಾಳೆಯ ಮೇಲೆ 27994681 ಎಂದು ಬರೆಯಿರಿ. ಎಂಥ ಸಪ್ಪೆ ಸಂಖ್ಯೆ! ಕರೆಂಟ್ ಬಿಲ್ಲಿನ ಮೂಲೆಯಲ್ಲಿ ಕೂತಿರುವ ಗ್ರಾಹಕ ಸಂಖ್ಯೆಯ ಹಾಗೆ ಮುಖದಲ್ಲಿ ಕಳೆಯೇ ಇಲ್ಲ. ಅದರ ಕೆಳಗೆ 441. ಈಗ ಗುಣಿಸಿ, ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಹಾಗೆಯೇ.

ಒಂದರಿಂದ 27994681. ನಲವತ್ತರಿಂದ 1119787240. ನಾನೂರರಿಂದ 11197872400. ಮೂರು ಸಾಲಿನಲ್ಲೂ ಅಂಕಿಗಳ ಸಂತೆ. ಈಗ ಬಲಗಡೆಯಿಂದ ಕೂಡಿಸುತ್ತ ಬನ್ನಿ. ಬಿಡಿಯಲ್ಲಿ 1. ಮುಂದೆ ಎಂಟು ನಾಲ್ಕು ಹನ್ನೆರಡು, ಹನ್ನೆರಡಕ್ಕೆ 2, ಕೈಯಲ್ಲಿ ಒಂದು. ಆರು ಎರಡು ನಾಲ್ಕು, ಕೈಯಲ್ಲಿದ್ದ ಒಂದು ಸೇರಿ ಹದಿಮೂರು, 3. ಆಮೇಲೆ ಹದಿನಾಲ್ಕು, 4. ಆಮೇಲೆ ಇಪ್ಪತ್ತೈದು, 5. ಇಪ್ಪತ್ತಾರು, 6. ಇಲ್ಲಿಗೆ ಬರುವಷ್ಟರಲ್ಲಿ ನನ್ನ ಪೆನ್ಸಿಲು ತಡವರಿಸಿತ್ತು. ಏನೋ ನಡೆಯುತ್ತಿದೆ! ಮುಂದಿನದು 7 ಬರುತ್ತದೆ ಅಂದುಕೊಂಡೆ. ಬರಲಿಲ್ಲ, ಇಪ್ಪತ್ತೈದಕ್ಕೆ 5 ಬಂತು. ಹದಿನಾಲ್ಕಕ್ಕೆ 4. ಆಮೇಲೆ 3. ಆಮೇಲೆ 2. ಕೊನೆಗೆ 1.

12345654321.

ಒಂದರಿಂದ ಹತ್ತಿ ಆರಕ್ಕೇರಿ, ಅಲ್ಲಿಂದ ಅದೇ ಮೆಟ್ಟಿಲಲ್ಲಿ ಇಳಿದು ಒಂದಕ್ಕೆ ಬಂದು ನಿಂತಿದೆ. ಎಡದಿಂದ ಓದಿ, ಬಲದಿಂದ ಓದಿ, ವಿಕಟಕವಿಯ ಹಾಗೆ ಎರಡೂ ಒಂದೇ. ನಮ್ಮ ಲೆಕ್ಕದಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಆ ಸಂತೆಯೊಳಗಿಂದ ಇಂಥದೊಂದು ಹಾರ!

ಈ ಲೆಕ್ಕ ಯಾವುದೋ ಹೊಸ ಗಣಕಯಂತ್ರ ಹುಡುಕಿ ತೆಗೆದದ್ದಾಗಿದ್ದರೆ ನಾನು ಇಷ್ಟು ಹಾರಾಡುತ್ತಿರಲಿಲ್ಲ. ಇದು ಸುಮಾರು 850ನೇ ಇಸವಿಯ ಲೆಕ್ಕ. ಹೌದು, ಎಂಟುನೂರ ಐವತ್ತು! ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಲ್ಲಿ ಆಳುತ್ತಿದ್ದ ಕಾಲ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ಕವಿರಾಜಮಾರ್ಗ ಹುಟ್ಟಿದ್ದು ಅದೇ ರಾಜನ ಆಸ್ಥಾನದಲ್ಲಿ, ಅದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಅದೇ ರಾಜನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕವಿದೆ, ಅದರ ಸುದ್ದಿ ನಮ್ಮ ಪರೀಕ್ಷೆಗಳಲ್ಲಿ ಎಂದೂ ಬರಲಿಲ್ಲ. ಜೈನ ಗಣಿತಜ್ಞ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಸಂಸ್ಕೃತದಲ್ಲಿ ಸಾವಿರಕ್ಕೂ ಹೆಚ್ಚು ಶ್ಲೋಕಗಳು, ಅಷ್ಟೂ ಗಣಿತ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಕನ್ನಡಕ್ಕೆ ಪದ್ಮಾವತಮ್ಮನವರು ತಂದರು, 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಆ ಪುಸ್ತಕದಲ್ಲಿ ಗುಣಾಕಾರದ ಅಭ್ಯಾಸ ಲೆಕ್ಕಗಳ ನಡುವೆ, ಜಿನಾಲಯಕ್ಕೆ ಅರ್ಪಿಸುವ ತಾವರೆ ಎಷ್ಟು ರತ್ನ ಎಷ್ಟು ಎಂಬ ಸಾಧು ಪ್ರಶ್ನೆಗಳ ಬೆನ್ನಲ್ಲೇ, ಈ ಹಾರಗಳು ಕೂತಿವೆ. ಹಾರ ಅನ್ನುತ್ತಿರುವವನು ನಾನಲ್ಲ. ಉತ್ತರವಾಗಿ ಬರುವ ಸಂಖ್ಯೆಯನ್ನು ಕೊರಳಿಗೆ ತೊಡುವ ಆಭರಣವೆಂದು ಆಚಾರ್ಯನೇ ಕರೆಯುತ್ತಾನೆ. ಗುಣಿಸು ಮಗು, ಕೊನೆಯಲ್ಲಿ ಕಂಠಿ ಸಿಗುತ್ತದೆ! ಮಕ್ಕಳಿಗೆ ಮಗ್ಗಿ ಹೇಳಿಕೊಡುವುದಕ್ಕೆ ಇದಕ್ಕಿಂತ ಚಂದದ ಆಮಿಷ ನನಗೆ ಗೊತ್ತಿಲ್ಲ.

ಶ್ಲೋಕದಲ್ಲಿ ಅಂಕಿ ಬರೆಯುವಂತಿಲ್ಲವಲ್ಲ. ಹಾಗಾಗಿ ಪದಗಳೇ ಅಂಕಿಗಳು. ಚಂದ್ರ ಅಂದರೆ 1, ಕಣ್ಣು ಅಂದರೆ 2. ಮಹಾವೀರನ ಪಟ್ಟಿಯಲ್ಲಿ ಜೈನ ತತ್ತ್ವವೂ ಅಂಕಿಯಾಗಿಬಿಡುತ್ತದೆ: ಕಷಾಯ 4, ವ್ರತ 5, ದ್ರವ್ಯ 6, ಕರ್ಮ 8. ಆದರೆ 12345654321ಕ್ಕೆ ಅವನಿಗೆ ಆ ಉಪಾಯವೂ ಬೇಕಾಗಲಿಲ್ಲ. ಒಂದರಿಂದ ಹೊರಟು ಆರರವರೆಗೆ, ಆಮೇಲೆ ಕ್ರಮವಾಗಿ ಇಳಿಕೆ ಎಂದು ಹೇಳಿ ಮುಗಿಸುತ್ತಾನೆ. ಸ್ಥಾನಗಳಿಗೂ ಅವನ ಬಳಿ ಹೆಸರುಗಳ ಮೆರವಣಿಗೆಯೇ ಇದೆ: ಏಕ, ದಶ, ಶತ ಎಂದು ಶುರುವಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು. ಅದರಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಹಾರದ ಎಡತುದಿಯ ಮಣಿ ಇರುವುದು ಅಲ್ಲೇ.

ಸರಿ, ಹಾರ ಎಲ್ಲಿಂದ ಬಂತು?

ವರ್ಗಮೂಲ ತೆಗೆದು ನೋಡಿದೆ. 111111. ಆರು ಒಂದುಗಳು! ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವುದೆಂದರೆ ಏನು? ಅದೇ 111111ನ್ನು ಆರು ಸಾಲು ಬರೆಯಬೇಕು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರಬೇಕು. ಬಲತುದಿಯ ಕಂಬದಲ್ಲಿ ಒಂದೇ ಒಂದು ಒಂದು. ಅದರ ಪಕ್ಕದಲ್ಲಿ ಎರಡು. ಆಮೇಲೆ ಮೂರು. ನಡುವಿನ ಕಂಬದಲ್ಲಿ ಆರೂ ಸಾಲು ಹಾಜರು. ಅಲ್ಲಿಂದಾಚೆ ಒಂದೊಂದೇ ಸಾಲು ಮುಗಿಯುತ್ತ ಹೋಗುತ್ತದೆ. ಅಂದರೆ ಹಾರದ ಪ್ರತಿ ಮಣಿಯೂ ಒಂದು ತಲೆ ಎಣಿಕೆ, ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಎಂಬ ವರದಿ. ಒಟ್ಟು ಎಷ್ಟು ಒಂದುಗಳು? ಆರಾರಲೆ ಮೂವತ್ತಾರು. ಹಾರದ ಅಂಕಿಗಳನ್ನೆಲ್ಲ ಕೂಡಿಸಿ ನೋಡಿ: 36!

ಈ ಎಣಿಕೆಯಲ್ಲಿ ಎಲ್ಲೂ ದಶಕ ಏರಲಿಲ್ಲ, ಎಲ್ಲೂ ಕೈಯಲ್ಲಿ ಒಂದು ಉಳಿಯಲಿಲ್ಲ, ಏಕೆಂದರೆ ಅತಿ ಎತ್ತರದ ಕಂಬವೇ ಆರು. ಹಾಗಾದರೆ ಹತ್ತರ ಮೇಲೆ ಈ ಹಾರಕ್ಕೆ ಅಂಥ ಅವಲಂಬನೆಯೇ ಇಲ್ಲವಲ್ಲ? ಇಲ್ಲ! ಎರಡೂ ಕೈ ಸೇರಿ ಏಳೇ ಬೆರಳಿರುವ ಜನ ಇದ್ದಾರೆ ಅಂದುಕೊಳ್ಳಿ. ಅವರಿಗೆ ಸೊನ್ನೆಯಿಂದ ಆರರವರೆಗೆ ಮಾತ್ರ ಅಂಕಿಗಳು, ಏಳಾದ ಕೂಡಲೇ ಮುಂದಿನ ಮನೆ. ಅವರು 111111 ಎಂದು ಬರೆಯುವುದು ನಮ್ಮ 19608. ಅದರ ವರ್ಗ ನಮಗೆ 384473664, ನೋಡಲು ಏನೇನೂ ಅಲ್ಲ. ಅದನ್ನೇ ಅವರು ಬರೆದುಕೊಂಡರೆ? 12345654321! ಹನ್ನೆರಡು ಬೆರಳಿನವರಿಗೂ ಅದೇ, ಹದಿನಾರು ಬೆರಳಿನವರಿಗೂ ಅದೇ. ಏಳಕ್ಕಿಂತ ಕಡಿಮೆ ಬೆರಳಿನವರಿಗೆ ಮಾತ್ರ ಈ ಭಾಗ್ಯವಿಲ್ಲ. ಈ ಸಂಗತಿ ತಲೆಗೆ ಇಳಿದ ರಾತ್ರಿ ನಾನು ನಿದ್ದೆ ಮಾಡಿದ್ದು ತಡವಾಗಿಯೇ.

ಆದರೆ ಮಹಾವೀರ 111111ರ ವರ್ಗ ಎಷ್ಟು ಎಂದು ಕೇಳಲಿಲ್ಲವಲ್ಲ. ಅವನು ಕೊಟ್ಟದ್ದು 27994681 ಮತ್ತು 441. ಇಲ್ಲೇ ನನಗೆ ಅವನ ಕಳ್ಳನಗೆ ಕಾಣಿಸುವುದು.

441 ನೋಡಿ. ಇಪ್ಪತ್ತೊಂದರ ವರ್ಗ. ಒಂದು ವರ್ಗವನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿದಾಗ ಮತ್ತೆ ವರ್ಗವೇ ಬಂದಿದೆ ಅಂದರೆ ಆ ಇನ್ನೊಂದೂ ವರ್ಗವಾಗಿರಲೇಬೇಕು. ಅಂದರೆ ಆ ಸಪ್ಪೆ ಮುಖದ 27994681 ಕೂಡ? 5291ನ್ನು 5291ರಿಂದ ಗುಣಿಸಿ. 27994681! ಇಷ್ಟು ಹೊತ್ತು ಎದುರಿಗೇ ಕೂತು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಮತ್ತೆ 21ನ್ನು 5291ರಿಂದ ಗುಣಿಸಿದರೆ 111111.

ಆರು ಒಂದುಗಳ ಸಂಖ್ಯೆಯನ್ನು ಇನ್ನೂ ಬಿಡಿಸಿದರೆ ಐದು ಅವಿಭಾಜ್ಯಗಳು ಉದುರುತ್ತವೆ: 3, 7, 11, 13, 37. ಎಲ್ಲವೂ ಒಂದೊಂದೇ ಸಲ. ವರ್ಗದಲ್ಲಿ ಅವೇ ಎರಡೆರಡು ಸಲ. ಹಾಗಾಗಿ 12345654321ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243, ಮೂರನ್ನು ಐದು ಸಲ ಗುಣಿಸಿದಷ್ಟು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು 122 ಬಗೆಯಲ್ಲಿ ಒಡೆಯಬಹುದು. ಅದರಲ್ಲಿ ಎರಡೂ ಕಡೆ ವರ್ಗವೇ ಇರುವಂಥವು 16.

ಈ ಹದಿನಾರರಲ್ಲಿ ಕೆಲವು ಎಷ್ಟು ಚಂದವೆಂದರೆ ಬಿಟ್ಟುಬಿಡಲು ಮನಸ್ಸೇ ಬಾರದು. 121 ಮತ್ತು 102030201. ಎರಡೂ ವಿಕಟಕವಿಗಳು! 12321 ಮತ್ತು 1002001. ಇವೂ ವಿಕಟಕವಿಗಳು! ಹಾರವನ್ನು ಕತ್ತರಿಸಿದರೆ ಎರಡು ಚಿಕ್ಕ ಹಾರಗಳು. ಮಹಾವೀರ ಇವನ್ನು ಮುಟ್ಟಲಿಲ್ಲ. ಏಕಿರಬಹುದು? ನನಗನ್ನಿಸುವುದು ಇಷ್ಟು: ಇವು ಬಾಯಿಬಡುಕ ಜೋಡಿಗಳು. 121ನ್ನು 102030201ರಿಂದ ಗುಣಿಸು ಅಂದರೆ ಬುದ್ಧಿವಂತ ಹುಡುಗ ಮೊದಲೇ ಮೂಗು ಅರಳಿಸುತ್ತಾನೆ, ಏನೋ ಬರುತ್ತದೆ ಎಂದು ಅವನಿಗೆ ವಾಸನೆ ಹತ್ತುತ್ತದೆ. 27994681ರಲ್ಲಿ ಆ ವಾಸನೆ ಇಲ್ಲ. ಕೊನೆಯ ಕೂಡಿಸುವಿಕೆಯವರೆಗೂ ಹಾರ ಕಾಣಿಸಬಾರದು, ಕಂಡಾಗ ಒಮ್ಮೆಗೇ ಕಾಣಬೇಕು! ಅಂಥ ಜೋಡಿಯನ್ನು ಗೊತ್ತಿಲ್ಲದೆ ಆರಿಸಲು ಸಾಧ್ಯವೇ?

ಮತ್ತೆ ಆರೇ ಏಕೆ? ಐದು ಒಂದುಗಳ ವರ್ಗವೂ ಹಾರವೇ, 123454321. ಏಳರದೂ ಹಾರವೇ, 1234567654321. ಆದರೆ 11111 ಒಡೆಯುವುದು 41 ಮತ್ತು 271 ಎಂದು ಮಾತ್ರ. 1111111 ಒಡೆಯುವುದು 239 ಮತ್ತು 4649 ಎಂದು ಮಾತ್ರ. ಎರಡೂ ಬಡವರ ಮನೆ. ಅವುಗಳ ವರ್ಗಕ್ಕೆ ಒಂಬತ್ತೊಂಬತ್ತೇ ಭಾಜಕಗಳು. ನಡುವೆ ಕೂತ ಆರಕ್ಕೆ 243! ಕಾರಣ ಕೈಬೆರಳಲ್ಲಿ ಎಣಿಸುವಷ್ಟು ಸರಳ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ ಮೂರು ಗಂಟು, ಆಗ 11 ಗುಣಿಸು 10101. ಮೂರು ಮೂರಾಗಿ ಕಟ್ಟಿದರೆ ಎರಡು ಗಂಟು, ಆಗ 111 ಗುಣಿಸು 1001. ಐದನ್ನೋ ಏಳನ್ನೋ ಹೀಗೆ ಸಮಸಮ ಗಂಟು ಕಟ್ಟಲು ಬರುವುದಿಲ್ಲ. 1001ರೊಳಗೆ 7, 11, 13 ಕೂತಿವೆ, 111ರೊಳಗೆ 3 ಮತ್ತು 37. ಯಾವುದೇ ಮೂರಂಕಿಯನ್ನು ಎರಡು ಸಲ ಬರೆಯಿರಿ, 528528 ಅನ್ನಿ, ಅದು ಏಳಕ್ಕೂ ಹನ್ನೊಂದಕ್ಕೂ ಹದಿಮೂರಕ್ಕೂ ನಿಶ್ಶೇಷವಾಗಿ ಭಾಗವಾಗುತ್ತದೆ ಎಂಬ ಹಳೆಯ ಶಾಲಾ ಚಮತ್ಕಾರವೂ ಇದೇ 1001ರ ಕೈಚಳಕ.

ಇಷ್ಟು ಕೈಯಲ್ಲಿ ಹಿಡಿದು ಮಹಾವೀರನ ಉಳಿದ ಹಾರಗಳ ಕಡೆ ತಿರುಗಿದೆ. ಒಂದೊಂದೂ ಪಟಪಟನೆ ಬಿಚ್ಚಿಕೊಂಡಿತು. 11011011 ಗುಣಿಸು 91, ಉತ್ತರ 1002002001. ಆ 91 ಯಾರು? ಏಳ್ಹದಿಮೂರಲೆ ತೊಂಬತ್ತೊಂದು, ನಮ್ಮ ಐದು ಅವಿಭಾಜ್ಯಗಳಲ್ಲಿ ಎರಡು! 152207 ಗುಣಿಸು 73, ಉತ್ತರ 11111111, ಎಂಟು ಒಂದುಗಳು ಸಾಲಾಗಿ. 142857143 ಗುಣಿಸು 7, ಉತ್ತರ 1000000001, ಎರಡು ತುದಿಗೆ ಎರಡೇ ಮಣಿ, ನಡುವೆ ಎಂಟು ಸೊನ್ನೆಗಳ ಬರಿ ದಾರ. ಇದರ ತಲೆಯಲ್ಲಿರುವ 142857ನ್ನು ಗುರುತಿಸಿದಿರಾ? ಒಂದನ್ನು ಏಳರಿಂದ ಭಾಗಿಸಿದಾಗ ದಶಮಾಂಶದಲ್ಲಿ ಮತ್ತೆ ಮತ್ತೆ ಮರುಕಳಿಸುವ ಅದೇ ಆರು ಅಂಕಿಗಳು.

ಇಷ್ಟೆಲ್ಲ ಕಂಡ ಮನುಷ್ಯ ತಪ್ಪನ್ನೇ ಮಾಡಲಿಲ್ಲವೇ? ಮಾಡಿದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಉಳಿಯುತ್ತದೆ ಎಂದು ಬರೆದುಬಿಟ್ಟ. ಅದೇ ಪುಸ್ತಕದಲ್ಲಿ ಋಣ ಸಂಖ್ಯೆಗೆ ವರ್ಗಮೂಲ ಇರಲಾರದು ಎಂದು ಸ್ಪಷ್ಟವಾಗಿ ಹೇಳಿದವನೂ ಅವನೇ. ಸೊನ್ನೆಯ ವಿಷಯ ಓದಿದಾಗ ನನಗೆ ಅವನು ಇನ್ನಷ್ಟು ಹತ್ತಿರದವನಾದ ಎಂದು ಒಪ್ಪಿಕೊಳ್ಳುತ್ತೇನೆ.

ಸಾವಿರ ವರ್ಷ ದಾಟಿ ಬನ್ನಿ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು, ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 6174ರ ಸೋಜಿಗದಿಂದ ಲೋಕಕ್ಕೆಲ್ಲ ಗೊತ್ತಾದವರು. ಮುಂಬೈಯಿಂದ ಮೂವತ್ತು ಮೈಲಿ ದೂರದ ಡೆಮ್ಲೊ ಎಂಬ ರೈಲು ನಿಲ್ದಾಣದಲ್ಲಿ ಅವರಿಗೆ ಒಂದು ಬಗೆಯ ಸಂಖ್ಯೆಗಳ ಯೋಚನೆ ಹೊಳೆಯಿತು. ನಿಲ್ದಾಣದ ಹೆಸರನ್ನೇ ಅವಕ್ಕೆ ಇಟ್ಟರು. 1, 121, 12321, 1234321 ಎಂದು ಸಾಗುವ ಸಾಲಿಗೆ ಅದ್ಭುತ ಡೆಮ್ಲೊ ಸಂಖ್ಯೆಗಳು ಎಂದೇ ಹೆಸರು. ಆ ಸಾಲಿನಲ್ಲಿ ಆರನೆಯದು ಯಾವುದು? ಮಳಖೇಡದ ಕಾಲದ ಹಾರ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ! ಒಬ್ಬನ ಕಣ್ಣಿಗೆ ಅದು ರಾಜನ ಕೊರಳಲ್ಲಿ ಕಂಡಿತು, ಇನ್ನೊಬ್ಬರಿಗೆ ರೈಲು ಕಾಯುವಾಗ.

ಆ ಸಾಲನ್ನು ಮುಂದೆ ಎಳೆಯುತ್ತ ಹೋದರೆ ಎಲ್ಲಿಯವರೆಗೆ ಹೋದೀತು? ಒಂಬತ್ತು ಒಂದುಗಳವರೆಗೆ ಭಯವಿಲ್ಲ, 12345678987654321. ಹತ್ತು ಒಂದುಗಳಿಗೆ ಬಂದಾಗ ನಡುಗಂಬದಲ್ಲಿ ಹತ್ತು ತಲೆಗಳು. ಮೊದಲ ಬಾರಿಗೆ ದಶಕ ಏರಿತು! ಹತ್ತಕ್ಕೆ ಸೊನ್ನೆ, ಕೈಯಲ್ಲಿ ಒಂದು. ಪಕ್ಕದ ಒಂಬತ್ತಕ್ಕೆ ಅದು ಸೇರಿ ಮತ್ತೆ ಹತ್ತು, ಮತ್ತೆ ಸೊನ್ನೆ, ಮತ್ತೆ ಕೈಯಲ್ಲಿ ಒಂದು. ಅದರ ಪಕ್ಕದ ಎಂಟಕ್ಕೆ ಅದು ಸೇರಿ ಒಂಬತ್ತು. ಅಲ್ಲಿಗೆ ಗಲಾಟೆ ತಣ್ಣಗಾಯಿತು. ಉತ್ತರ 1234567900987654321. ಬಲಗಡೆಯ ಇಳಿಜಾರು ಇದ್ದ ಹಾಗೇ ಇದೆ. ಎಡಗಡೆಯ ಏರಿನಲ್ಲಿ ಮಾತ್ರ ಏಳಾದ ಮೇಲೆ ಒಂದೇ ನೆಗೆತಕ್ಕೆ ಒಂಬತ್ತು. ಎಂಟು ನಾಪತ್ತೆ!

ಎಂಟಿಲ್ಲದ 12345679. ಈ ಅಂಕಿಗಳನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ ಮಹಾವೀರನ ಪಟ್ಟಿಗೆ ಓಡಿದೆ. ಇತ್ತು! ಅವನ ಹಾರಗಳಲ್ಲಿ ಒಂದು 12345679 ಗುಣಿಸು 9, ಉತ್ತರ ಒಂಬತ್ತು ಒಂದುಗಳು, 111111111. ಇದು ಕಾಕತಾಳೀಯವೇ? ಅಲ್ಲವೇ ಅಲ್ಲ. ಒಂದನ್ನು ಒಂಬತ್ತರಿಂದ ಭಾಗಿಸಿದರೆ ದಶಮಾಂಶದಾಚೆ ಕೊನೆಯಿಲ್ಲದ ಒಂದುಗಳು. ಅದರ ವರ್ಗ ಎಂಬತ್ತೊಂದರಲ್ಲಿ ಒಂದು ಪಾಲು. ಒಂದುಗಳ ಸಾಲಿಗೆ ಕೊನೆಯಿಲ್ಲವಾದ್ದರಿಂದ ಈ ಮೆಟ್ಟಿಲಿಗೂ ತುದಿಯಿಲ್ಲ, ಇಳಿಜಾರೂ ಇಲ್ಲ. ಏರುತ್ತ ಹೋಗುವುದು, ಹತ್ತು ಮುಟ್ಟಿದಾಗ ದಶಕ ಉರುಳುವುದು, ಪ್ರತಿ ಸುತ್ತಿನಲ್ಲೂ ಒಂದು ಎಂಟನ್ನು ನುಂಗುವುದು. ಬೇಕಿದ್ದರೆ 1ನ್ನು 81ರಿಂದ ಕೈಯಲ್ಲೇ ಭಾಗಿಸಿ ನೋಡಿ: 0.012345679012345679012345679 ಎಂದು ಕಾಗದ ಮುಗಿಯುವವರೆಗೆ. ನಮ್ಮ ಹನ್ನೊಂದು ಮಣಿಗಳ ಹಾರ ಈ ಕೊನೆಯಿಲ್ಲದ ಏಣಿಯ ಮೊದಲ ಆರು ಮೆಟ್ಟಿಲು, ಕನ್ನಡಿಯ ಮುಂದೆ ನಿಂತಿದೆ ಅಷ್ಟೆ.

ಎಂಟಿಲ್ಲದ ಸಂಖ್ಯೆಯನ್ನೂ ಒಡೆಯದೆ ಬಿಡಲು ನನಗೆ ಆಗಲಿಲ್ಲ. 37 ಗುಣಿಸು 333667. ಮೂವತ್ತೇಳು ನಮಗೆ ಪರಿಚಯದವನೇ, ಆರು ಒಂದುಗಳಲ್ಲೂ ಸಿಕ್ಕಿದ್ದ. ಆದರೆ 333667? ಅದನ್ನು ಮೂರರಿಂದ ಗುಣಿಸಿದೆ: 1001001. ಮೂವತ್ತೇಳನ್ನು ಮೂರರಿಂದ ಗುಣಿಸಿದರೆ 111. ಅಯ್ಯೋ, ಇವರು ಅಣ್ಣತಮ್ಮಂದಿರು! ನಡುವಿನವನು 3367, ಮೂರರಿಂದ ಗುಣಿಸಿದರೆ 10101. ಮುಂದಿನವನು 33336667, ಮೂರರಿಂದ ಗುಣಿಸಿದರೆ 100010001, ಅದೂ ಮಹಾವೀರನ ಪಟ್ಟಿಯಲ್ಲಿರುವ ಹಾರವೇ, ಅವನು ಅದನ್ನು 14287143 ಗುಣಿಸು 7 ಎಂದು ಪೋಣಿಸಿದ್ದಾನೆ. ಐದನೆಯವನು 3333366667. ಆರನೆಯವನು ಆರು ಮೂರು, ಐದು ಆರು, ಕೊನೆಗೊಂದು ಏಳು: 333333666667.

ಮಹಾವೀರನ ಪುಸ್ತಕದಲ್ಲಿ ಅದೂ ಇದೆ. ಮೂರನ್ನು ಆರು ಸಲ, ಆರನ್ನು ಐದು ಸಲ, ಏಳನ್ನು ಒಂದು ಸಲ ಬರೆದು ಮೂವತ್ಮೂರರಿಂದ ಗುಣಿಸಲು ಹೇಳುತ್ತಾನೆ. ಪೆನ್ಸಿಲು ಮತ್ತೆ ಕೆತ್ತಿಕೊಂಡು ಕೂತೆ. ಮೂರರಿಂದ ಗುಣಿಸಿದಾಗ 1000001000001, ಹನ್ನೊಂದರಿಂದ ಗುಣಿಸಿದಾಗ ಪ್ರತಿ ಮಣಿಯೂ ಜೋಡಿಮಣಿಯಾಯಿತು, ಎಡತುದಿಯದು ಮಹಾಖರ್ವದ ಸ್ಥಾನಕ್ಕೆ ಹೋಗಿ ಕೂತಿತು: 11000011000011.